ಗಡ್ಡೆಯೊಳಗೆ ನೆಟ್ಟಗೆ ಹಾದುಹೋದ ರಕ್ತನಾಳ: ಲಿವರ್ ಲಿಂಫೋಮಾದ ಒಂದು ಪ್ರಕರಣ

ರೋಗಿ ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿ ಕಡೆಯ ನೇಕಾರರು. ವಯಸ್ಸು ಐವತ್ತು ದಾಟಿದೆ. ಗುರುತು ಸಿಗಬಾರದೆಂದು ಮನೆಯ ವಿವರಗಳನ್ನು ಬದಲಿಸಿದ್ದೇನೆ. ಎರಡು ತಿಂಗಳಿಂದ ಬಲ ಪಕ್ಕೆಲುಬಿನ ಕೆಳಗೆ ಭಾರ, ಆಗಾಗ ನೋವು. ಸಂಜೆಯಾದರೆ ಜ್ವರ. ರಾತ್ರಿ ಅಂಗಿ, ಹಾಸಿಗೆ ಎರಡೂ ಒದ್ದೆಯಾಗುವಷ್ಟು ಬೆವರು. ತೂಕ 68 ಕಿಲೋದಿಂದ 59ಕ್ಕೆ ಇಳಿದಿತ್ತು. ಕುಡಿತ ಇಲ್ಲ, ಸಕ್ಕರೆ ಕಾಯಿಲೆ ಇಲ್ಲ, ಕಾಮಾಲೆಯೂ ಆಗಿರಲಿಲ್ಲ.

ನಮ್ಮ ಕಡೆ ಜ್ವರದ ಜೊತೆ ಬಲ ಪಕ್ಕೆ ನೋವು ಅಂದರೆ ಮೊದಲು ನೆನಪಾಗೋದು ಲಿವರ್‌ನಲ್ಲಿ ಕೀವು. ಹಾಗೆ ಯೋಚಿಸೋದು ಸರಿಯೇ. ಅಮೀಬಾದಿಂದ ಆಗುವ ಕೀವುಗಡ್ಡೆ ನಮ್ಮಲ್ಲಿ ಇವತ್ತಿಗೂ ಕಾಣುವ ಕಾಯಿಲೆ. ಗಂಡಸರಲ್ಲೇ ಜಾಸ್ತಿ, ಲಿವರ್‌ನ ಬಲಭಾಗದಲ್ಲೇ ಜಾಸ್ತಿ. ಇವರ ಮೊದಲ ಅಲ್ಟ್ರಾಸೌಂಡ್‌ನಲ್ಲಿ ಬಲಭಾಗದಲ್ಲಿ 9 ಸೆಂಟಿಮೀಟರ್‌ನ ಒಂದು ಕಪ್ಪು ಗಡ್ಡೆ, ಅದರ ಆಸುಪಾಸಿನಲ್ಲಿ ಎರಡು ಸಣ್ಣವು ಕಂಡವು. ಕೀವು ಎಂದು ಮೆಟ್ರೋನಿಡಜೋಲ್ ಶುರುವಾಯಿತು.

ಅಮೀಬಾದ ಕೀವು ಈ ಔಷಧಿಗೆ ಬೇಗ ಬಗ್ಗುತ್ತದೆ. ಮೂರು-ನಾಲ್ಕು ದಿನದಲ್ಲಿ ಜ್ವರ ಇಳಿಯುವುದು ವಾಡಿಕೆ. ಇವರಿಗೆ 10 ದಿನವಾದರೂ ಇಳಿಯಲಿಲ್ಲ. ಆಮೇಲೆ ಸೂಜಿ ಹಾಕಿ ಎಳೆದು ನೋಡಿದ್ದಾರೆ. ಕೀವು ಬರಲಿಲ್ಲ, ಸಿರಿಂಜಿಗೆ ಬಂದದ್ದು ಒಂದಿಷ್ಟು ರಕ್ತ ಮಾತ್ರ. 9 ಸೆಂಟಿಮೀಟರ್‌ನ ಕೀವುಗಡ್ಡೆಗೆ ಸೂಜಿ ಹೋದ ಮೇಲೆ ಏನೂ ಬರಲಿಲ್ಲ ಅಂದರೆ ಅಲ್ಲಿಗೇ ನಿಂತು ಯೋಚಿಸಬೇಕಿತ್ತು. ‘ಕೀವು ಗಟ್ಟಿಯಾಗಿದೆ’ ಎಂದು ಇನ್ನೊಂದು ಆ್ಯಂಟಿಬಯಾಟಿಕ್ ಸೇರಿಸಿದರು. ಇನ್ನೊಂದು ವಾರ ಹೋಯಿತು.

ನಂತರ ಬೇರೆ ಊರಿನಲ್ಲಿ ಸಿಟಿ ಸ್ಕ್ಯಾನ್ ಆಯಿತು. ಲಿವರ್‌ನಲ್ಲಿ ಹಲವು ಗಡ್ಡೆಗಳಿವೆ, ಬೇರೆ ಅಂಗದ ಕ್ಯಾನ್ಸರ್ ಇಲ್ಲಿಗೆ ಹರಡಿರಬೇಕು, ಮೂಲ ಎಲ್ಲಿದೆ ಹುಡುಕಿ ಎಂಬುದು ವರದಿಯ ಕೊನೆಯ ಸಾಲು. ಹುಡುಕಿದರು. ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಎರಡರಲ್ಲೂ ಏನೂ ಸಿಗಲಿಲ್ಲ. ರಕ್ತದಲ್ಲಿ ಕ್ಯಾನ್ಸರ್‌ನ ಸುಳಿವು ಹುಡುಕುವ ಟ್ಯೂಮರ್ ಮಾರ್ಕರ್‌ಗಳಾದ ಎಎಫ್‌ಪಿ, ಸಿಇಎ, ಸಿಎ 19-9 ಮೂರೂ ಸರಿಯಾಗಿದ್ದವು. ಅಷ್ಟೊತ್ತಿಗೆ ಮನೆಯವರು ಸೋತಿದ್ದರು. ಹಿರಿಯ ಮಗ ಅಂದ ಮಾತು: “ಎಲ್ಲಾ ಕಡೆ ಹರಡೇತಂತ ಬರದಾರ್ರಿ. ಇನ್ನ ಸುಮ್ನ ಊರಿಗೆ ಕರ್ಕೊಂಡ ಹೋಗ್ತೀವ್ರಿ.”

ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯೋಕೆ ಆ ಮಾತೇ ಕಾರಣ. ಲಿವರ್‌ಗೆ ಹರಡಿದ ಕ್ಯಾನ್ಸರ್ ಅಂದರೆ ನಮ್ಮ ಜನ ಆಸೆ ಬಿಡುತ್ತಾರೆ. ಎಷ್ಟೋ ಸಲ ವೈದ್ಯರೂ ಬಿಡುತ್ತಾರೆ. ಆದರೆ ಅದೇ ಗಡ್ಡೆ ಲಿಂಫೋಮಾ (ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್) ಆಗಿದ್ದರೆ ಕಥೆಯೇ ಬೇರೆ. ಆಪರೇಷನ್ ಇಲ್ಲದೆ ಔಷಧಿಯಿಂದಲೇ ಕರಗುವ, ಎಷ್ಟೋ ಜನರಲ್ಲಿ ಪೂರ್ತಿ ವಾಸಿಯಾಗುವ ಕ್ಯಾನ್ಸರ್ ಅದು. ಇದು ಅಪರೂಪ ಅನ್ನೋದು ನಿಜ. ಲಿವರ್‌ನಲ್ಲೇ ಹುಟ್ಟುವ ಲಿಂಫೋಮಾ, ದುಗ್ಧಗ್ರಂಥಿಗಳ (ಲಿಂಫ್ ನೋಡ್) ಹೊರಗೆ ಹುಟ್ಟುವ ಲಿಂಫೋಮಾಗಳಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಮ್ಮಿ. ಬೇರೆ ಕಡೆ ಶುರುವಾಗಿ ಲಿವರ್‌ಗೂ ಬರುವುದು ಅದಕ್ಕಿಂತ ಜಾಸ್ತಿ. ಅಪರೂಪ ಅಂತ ವರದಿಯಲ್ಲಿ ಬರೆಯದೇ ಬಿಟ್ಟರೆ ರೋಗಿ ಬಸ್ ಹತ್ತಿ ಮನೆಗೆ ಹೋಗುತ್ತಾನೆ, ಅಷ್ಟೇ.

ಸಿಟಿಯಲ್ಲಿ ಕಂಡದ್ದು

ಸ್ಕ್ಯಾನ್ ಓದುವುದು ನನ್ನ ಕೆಲಸ. ಬಾಗಲಕೋಟೆಯ ಒಬ್ಬ ಫಿಸಿಶಿಯನ್, ಮನೆಯವರನ್ನು ಹೇಗೋ ಒಪ್ಪಿಸಿ, ಇನ್ನೊಮ್ಮೆ ನೋಡಿ ಎಂದು ಸಿಟಿಯ ಸಿಡಿ ಕಳಿಸಿದ್ದರು. ಸ್ಕ್ಯಾನ್ ಚೆನ್ನಾಗಿ ಮಾಡಿದ್ದರು. ನಾಳಗಳು ಬೆಳಗಿ ಕಾಣಲೆಂದು ರಕ್ತಕ್ಕೆ ಚುಚ್ಚುವ ಬಣ್ಣದ ಔಷಧಿ (ಕಾಂಟ್ರಾಸ್ಟ್) ಕೊಡುವ ಮುಂಚಿನ ಚಿತ್ರ, ಕೊಟ್ಟು ಸುಮಾರು 35 ಸೆಕೆಂಡಿಗೆ ಅಪಧಮನಿ ಹಂತ, 70 ಸೆಕೆಂಡಿಗೆ ಪೋರ್ಟಲ್ ಹಂತ (ಕರುಳಿನಿಂದ ಲಿವರ್‌ಗೆ ರಕ್ತ ತರುವ ಪೋರ್ಟಲ್ ಅಭಿಧಮನಿಗೆ ಔಷಧಿ ತಲುಪುವ ಹೊತ್ತು), ಮತ್ತೆ ಕೆಲವು ನಿಮಿಷಕ್ಕೆ ತಡವಾದ ಹಂತ, ನಾಲ್ಕೂ ಇದ್ದವು. ನಾಲ್ಕೂ ಇಲ್ಲದಿದ್ದರೆ ಲಿವರ್ ಗಡ್ಡೆಯ ಬಗ್ಗೆ ಗಟ್ಟಿಯಾಗಿ ಮಾತಾಡೋದು ಕಷ್ಟ.

ಮೊದಲು ಕೀವಿನ ಪ್ರಶ್ನೆ. ಗಡ್ಡೆಯ ನಡುವೆ ಅಳತೆಯ ವೃತ್ತ ಇಟ್ಟು ಸಾಂದ್ರತೆ ನೋಡಿದೆ. ಹೌನ್ಸ್‌ಫೀಲ್ಡ್ ಅಳತೆಯಲ್ಲಿ ನೀರು ಸೊನ್ನೆ. ಬಣ್ಣದ ಔಷಧಿಗೆ ಮುಂಚೆ ಪಕ್ಕದ ಒಳ್ಳೆಯ ಲಿವರ್ 58 ಇತ್ತು, ಗಡ್ಡೆ 38. ಪೋರ್ಟಲ್ ಹಂತದಲ್ಲಿ ಲಿವರ್ 112ಕ್ಕೆ ಏರಿತು, ಗಡ್ಡೆ 63ಕ್ಕೆ. ಏರಿಕೆ ಕಮ್ಮಿ, ಆದರೆ ನಡುಮಧ್ಯದಲ್ಲೇ ಏರಿದೆ. ಕೀವಿಗೆ ರಕ್ತ ಸಂಚಾರ ಇರೋದಿಲ್ಲ. ಹಾಗಾಗಿ ಅದರ ಗೋಡೆ ಬೆಳಗಬಹುದು, ನಡುಭಾಗ ಬೆಳಗುವುದಿಲ್ಲ. ಇಲ್ಲಿರುವುದು ಗಟ್ಟಿ ಅಂಗಾಂಶ. ಸೂಜಿಗೆ ಕೀವು ಯಾಕೆ ಸಿಗಲಿಲ್ಲ ಅನ್ನೋದಕ್ಕೂ ಉತ್ತರ ಇದೇ.

ಎರಡನೆಯದು ಲಿವರ್‌ನ ಸ್ವಂತ ಕ್ಯಾನ್ಸರ್. ಅದು ಹೆಚ್ಚಾಗಿ ಅಪಧಮನಿ ಹಂತದಲ್ಲಿ ಸುತ್ತಲಿನ ಲಿವರ್‌ಗಿಂತ ಬೆಳಗುತ್ತದೆ, ಮುಂದಿನ ಹಂತಗಳಲ್ಲಿ ಮಂಕಾಗುತ್ತದೆ. ಇಲ್ಲಿ ಗಡ್ಡೆ ಎಲ್ಲ ಹಂತದಲ್ಲೂ ಮಂಕೇ. ಸಿರೋಸಿಸ್‌ನ (ಲಿವರ್ ಗಾಯಗೊಂಡು ಗಟ್ಟಿಯಾಗುವ ಕಾಯಿಲೆ) ಗುರುತೂ ಇಲ್ಲ. ಪಿತ್ತನಾಳದ ಕ್ಯಾನ್ಸರ್ ಆಗಿದ್ದರೆ ನಾಳಗಳು ಹಿಂದೆ ಉಬ್ಬಿರುತ್ತವೆ, ಲಿವರ್‌ನ ಮೇಲ್ಮೈ ಒಳಕ್ಕೆ ಸೆಳೆದಂತೆ ಕಾಣುತ್ತದೆ. ಅವೆರಡೂ ಕಾಣಲಿಲ್ಲ.

ಇನ್ನು ಉಳಿದದ್ದು ಹರಡಿದ ಕ್ಯಾನ್ಸರ್ ಮತ್ತು ಲಿಂಫೋಮಾ. ಇಲ್ಲಿ ನಾನು ಚಿತ್ರಗಳನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನಿಧಾನಕ್ಕೆ ಸರಿಸುತ್ತಾ ಒಂದೊಂದೇ ರಕ್ತನಾಳವನ್ನು ಹಿಂಬಾಲಿಸಿದೆ. ಲಿವರ್‌ನಿಂದ ರಕ್ತ ಹೊರಗೊಯ್ಯುವ ಬಲ ಹೆಪಾಟಿಕ್ ಅಭಿಧಮನಿ ಲಿವರ್‌ನ ಮೇಲ್ಭಾಗದಿಂದ ಇಳಿದು ಬಂದು ಗಡ್ಡೆಯ ಅಂಚಿಗೆ ಮುಟ್ಟುತ್ತದೆ. ಬೇರೆ ಗಡ್ಡೆಯಾಗಿದ್ದರೆ ಅಲ್ಲೇ ಪಕ್ಕಕ್ಕೆ ಬಾಗಬೇಕು, ಇಲ್ಲವೇ ಸಣ್ಣಗಾಗಬೇಕು, ಇಲ್ಲವೇ ಕಟ್ಟಿಕೊಳ್ಳಬೇಕು. ಇದು ಬಾಗಲಿಲ್ಲ. ಗಡ್ಡೆಯ ಒಳಗೆ ನುಗ್ಗಿ, ಅದೇ ಅಗಲದಲ್ಲಿ, ಅದೇ ದಿಕ್ಕಿನಲ್ಲಿ ಬಿಳಿ ಗೆರೆಯಾಗಿ ಸಾಗಿ ಇನ್ನೊಂದು ಬದಿಯಿಂದ ಹೊರಗೆ ಬಂತು. ಪೋರ್ಟಲ್ ಅಭಿಧಮನಿಯ ಒಂದು ಕವಲೂ ಹಾಗೇ ಹಾದುಹೋಗಿತ್ತು. 9 ಸೆಂಟಿಮೀಟರ್ ಗಡ್ಡೆಯೊಳಗೆ ನಾಳಗಳು ಏನೂ ಆಗದಂತೆ ಇದ್ದವು.

ಯಾಕೆ ಹೀಗೆ ಅಂದರೆ, ಬೇರೆ ಕ್ಯಾನ್ಸರ್‌ಗಳು ಬಹುಪಾಲು ತಮ್ಮ ಜಾಗ ಮಾಡಿಕೊಳ್ಳಲು ಅಕ್ಕಪಕ್ಕದ್ದನ್ನು ತಳ್ಳುತ್ತವೆ, ಹಿಂಡುತ್ತವೆ, ನಾಳದ ಗೋಡೆಯನ್ನೇ ತಿನ್ನುತ್ತವೆ. ಲಿಂಫೋಮಾದ ಕೋಶಗಳು ಮೆತ್ತಗೆ, ಇರುವ ಅಂಗಾಂಶದ ಸಂದುಗಳಲ್ಲಿ ತುಂಬಿಕೊಳ್ಳುತ್ತಾ ಹೋಗುತ್ತವೆ. ಮಗನಿಗೆ ಹೇಳುವಾಗ ಕೃಷ್ಣಾ ಹೊಳೆಯ ಉದಾಹರಣೆ ಕೊಟ್ಟೆ: ಹಿನ್ನೀರು ಹೊಲಕ್ಕೆ ಮೆಲ್ಲಗೆ ಏರಿದಾಗ ಕಬ್ಬಿನ ಸಾಲು ಇದ್ದಲ್ಲೇ ನಿಂತಿರುತ್ತೆ, ಸುತ್ತ ನೀರು ತುಂಬಿರುತ್ತೆ. ಅವನಿಗೆ ತಕ್ಷಣ ಹೊಳೆಯಿತು.

ಈ ಗುರುತು ಒಂದೇ ಸಾಕು ಅಂತ ನಾನು ಹೇಳೋದಿಲ್ಲ. ಲಿವರ್‌ನ ಒಂದು ಭಾಗದಲ್ಲಿ ಕೊಬ್ಬು ಸೇರಿದಾಗಲೂ ನಾಳಗಳು ಹೀಗೇ ನೆಟ್ಟಗೆ ಹಾದುಹೋಗುತ್ತವೆ. ಆದರೆ ಕೊಬ್ಬು ಹೀಗೆ ಲಿವರ್‌ನ ಅಂಚನ್ನು ಉಬ್ಬಿಸುವುದಿಲ್ಲ, ರಾತ್ರಿ ಬೆವರೂ ತರಿಸುವುದಿಲ್ಲ. ಗಡ್ಡೆ ಒಂದೇ ಸಮನಾಗಿದೆ, ಸುಣ್ಣ ಕಟ್ಟಿಲ್ಲ, ಒಳಗೆ ರಕ್ತಸ್ರಾವ ಇಲ್ಲ. ಗುಲ್ಮ (ಸ್ಪ್ಲೀನ್) ಸರಿಯಾಗಿದೆ. ಹೊಟ್ಟೆಯಲ್ಲಿ ದುಗ್ಧಗ್ರಂಥಿಗಳು ಊದಿಲ್ಲ. ಟ್ಯೂಮರ್ ಮಾರ್ಕರ್‌ಗಳು ಸರಿಯಾಗಿವೆ. ಫಿಸಿಶಿಯನ್‌ಗೆ ಫೋನ್ ಮಾಡಿ ರಕ್ತದಲ್ಲಿ ಎಲ್‌ಡಿಎಚ್ ಎಂಬ ಕಿಣ್ವ ಎಷ್ಟಿದೆ ಅಂತ ಕೇಳಿದೆ. ಮಾಡಿಸಿರಲಿಲ್ಲ. ಮಾಡಿಸಿದಾಗ 980 ಬಂತು, 250ರ ಒಳಗಿರಬೇಕಾದದ್ದು. ಲಿಂಫೋಮಾದಲ್ಲಿ ಇದು ಏರುವುದು ಸಾಮಾನ್ಯ. ಜ್ವರ, ಬೆವರು, ಆರು ತಿಂಗಳ ಒಳಗೆ ನೂರಕ್ಕೆ 10ಕ್ಕಿಂತ ಜಾಸ್ತಿ ತೂಕ ಇಳಿಕೆ, ಈ ಮೂರೂ ಲಿಂಫೋಮಾದ ಹೆಸರಾಂತ ಲಕ್ಷಣಗಳು. ಇವರಲ್ಲಿ ಮೂರೂ ಇದ್ದವು.

ವರದಿಯಲ್ಲಿ ಬರೆದದ್ದು ಇಷ್ಟು: ಕೀವುಗಡ್ಡೆ ಅಲ್ಲ, ಗಟ್ಟಿ ಗಡ್ಡೆ. ನಾಳಗಳು ಗಡ್ಡೆಯೊಳಗೆ ಹಾಳಾಗದೆ ಹಾದುಹೋಗಿವೆ. ಮೊದಲ ಅನುಮಾನ ಲಿಂಫೋಮಾ. ನಂತರ ಹರಡಿದ ಕ್ಯಾನ್ಸರ್, ಕ್ಷಯ. ದಪ್ಪ ಸೂಜಿಯ ಬಯಾಪ್ಸಿ ಬೇಕು. ಅದಾಗುವವರೆಗೆ ಸ್ಟೀರಾಯ್ಡ್ ಕೊಡಬೇಡಿ.

ಡಾಪ್ಲರ್, ಎಂಆರ್‌ಐ ಮತ್ತು ದುಡ್ಡಿನ ಮಾತು

ಬಯಾಪ್ಸಿ ದಿನ ಮತ್ತೆ ಅಲ್ಟ್ರಾಸೌಂಡ್ ಇಟ್ಟೆ. ಗಡ್ಡೆ ನಿಜಕ್ಕೂ ಕಡುಕಪ್ಪು, ಮೊದಲ ನೋಟಕ್ಕೆ ದ್ರವದಂತೆಯೇ ಕಾಣುತ್ತದೆ. ಲಿಂಫೋಮಾದಲ್ಲಿ ಒಂದೇ ಬಗೆಯ ಕೋಶಗಳು ಒತ್ತೊತ್ತಾಗಿ ಸೇರಿರುತ್ತವೆ, ಶಬ್ದದ ಅಲೆಯನ್ನು ವಾಪಸ್ ಕಳಿಸುವ ಗಡಿಗಳು ಕಮ್ಮಿ, ಅದಕ್ಕೇ ಈ ಕಪ್ಪು. ಮೊದಲು ನೋಡಿದವರು ಕೀವು ಅಂದುಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ಗುಂಡಿ ಒತ್ತಿದ ಕೂಡಲೇ ಗಡ್ಡೆಯ ನಡುವೆ ನೀಲಿ ಗೆರೆ ಎದ್ದು ಕಾಣಿಸಿತು, ಅದೇ ಹೆಪಾಟಿಕ್ ಅಭಿಧಮನಿ. ಕೀವಿನ ನಡುವೆ ಹೀಗೆ ರಕ್ತ ಹರಿಯೋಕೆ ಸಾಧ್ಯವೇ ಇಲ್ಲ. ಡಾಪ್ಲರ್ ಇಲ್ಲದ ಯಂತ್ರ ಈಗ ತಾಲೂಕು ಊರುಗಳಲ್ಲೂ ಅಪರೂಪ. ಲಿವರ್‌ನಲ್ಲಿ ಕಪ್ಪು ಗಡ್ಡೆ ಕಂಡ ಪ್ರತಿಯೊಬ್ಬರೂ ಸೂಜಿ ಎತ್ತುವ ಮುಂಚೆ ಆ ಗುಂಡಿ ಒತ್ತಲಿ ಎಂದು ಕೈಮುಗಿದು ಕೇಳುತ್ತೇನೆ. ಅದಕ್ಕೆ ದುಡ್ಡು ಬೇಡ, ಅರ್ಧ ನಿಮಿಷ ಸಾಕು.

ಎಂಆರ್‌ಐ ಮಾಡಿಸಬೇಕಾ ಅಂತ ಮನೆಯವರು ಕೇಳಿದರು. ಬೇಡ ಅಂದೆ. ಮಾಡಿಸಿದ್ದರೆ ಏನು ಕಾಣುತ್ತಿತ್ತು ಗೊತ್ತಿದೆ: ಟಿ1 ಬಗೆಯ ಚಿತ್ರದಲ್ಲಿ ಕಪ್ಪು, ಟಿ2 ಬಗೆಯದರಲ್ಲಿ ಸ್ವಲ್ಪ ಬಿಳುಪು, ನೀರಿನ ಕಣಗಳ ಓಡಾಟ ತೋರಿಸುವ ಡಿಫ್ಯೂಷನ್ ಚಿತ್ರದಲ್ಲಿ ಹೊಳೆಯುವ ಬಿಳಿ, ಆ ಓಡಾಟ ಅಳೆಯುವ ಎಡಿಸಿ ನಕ್ಷೆಯಲ್ಲಿ ಕಪ್ಪು. ಕೋಶಗಳು ಒತ್ತಾಗಿರುವುದರಿಂದ ನೀರಿನ ಕಣಗಳಿಗೆ ಓಡಾಡಲು ಜಾಗವಿಲ್ಲ, ಅದಕ್ಕೆ ಹೀಗೆ. ಆದರೆ ಗಟ್ಟಿ ಕೀವೂ ಡಿಫ್ಯೂಷನ್‌ನಲ್ಲಿ ಹಾಗೇ ಹೊಳೆಯುತ್ತದೆ. ಆ ಒಂದು ಚಿತ್ರ ನಂಬಿ ಕುಳಿತರೆ ಮತ್ತೆ ಅದೇ ಗೊಂದಲ. ಸಿಟಿಯೇ ಇಷ್ಟು ಹೇಳಿರುವಾಗ ಇವರ ಕೈಯಲ್ಲಿರುವ ದುಡ್ಡು ಬಯಾಪ್ಸಿಗೆ ಮತ್ತು ಮುಂದೆ ಪೆಟ್-ಸಿಟಿಗೆ (ಕಾಯಿಲೆ ಮೈಯಲ್ಲಿ ಎಲ್ಲೆಲ್ಲಿದೆ ಎಂದು ನೋಡುವ ಸ್ಕ್ಯಾನ್) ಇರಲಿ ಅನ್ನೋದು ನನ್ನ ನಿಲುವು. ಮೂತ್ರಪಿಂಡ ಸರಿಯಿಲ್ಲದೆ ಸಿಟಿಗೆ ಬಣ್ಣದ ಔಷಧಿ ಕೊಡಲಾಗದವರಲ್ಲಿ, ಅಥವಾ ಸಿಟಿಯಲ್ಲಿ ಸಂಶಯ ಉಳಿದಾಗ, ಎಂಆರ್‌ಐ ಬೇಕಾಗುತ್ತದೆ.

ಸ್ಟೀರಾಯ್ಡ್ ತಡೆದದ್ದು, ಸೂಜಿ ಹಾಕಿದ್ದು

ಊಟ ಸೇರುತ್ತಿಲ್ಲ, ಜ್ವರ ನಿಲ್ಲುತ್ತಿಲ್ಲ ಎಂದು ಡೆಕ್ಸಾಮೆಥಸೋನ್ ಇಂಜೆಕ್ಷನ್ ಬರೆದ ಚೀಟಿ ಅವರ ಫೈಲಿನಲ್ಲಿತ್ತು. ಅದೃಷ್ಟಕ್ಕೆ ಇನ್ನೂ ಕೊಟ್ಟಿರಲಿಲ್ಲ. ಸ್ಟೀರಾಯ್ಡ್ ಬಿದ್ದರೆ ಲಿಂಫೋಮಾದ ಕೋಶಗಳು ಬೇಗ ಸಾಯಲು ಶುರುವಾಗುತ್ತವೆ. ಗಡ್ಡೆ ಕುಗ್ಗುತ್ತದೆ, ಜ್ವರ ಇಳಿಯುತ್ತದೆ, ರೋಗಿ ಎದ್ದು ಕೂರುತ್ತಾನೆ. ಎಲ್ಲರಿಗೂ ಖುಷಿ. ಆದರೆ ಬಯಾಪ್ಸಿ ಮಾಡಿದರೆ ಸತ್ತ ಅಂಗಾಂಶ ಬಿಟ್ಟು ಬೇರೇನೂ ಸಿಗದೇ ಹೋಗಬಹುದು. ಕಾಯಿಲೆಯ ಹೆಸರು ಸಿಗುವುದಿಲ್ಲ, ಕೆಲವು ವಾರದಲ್ಲಿ ಗಡ್ಡೆ ಮರಳಿ ಬೆಳೆಯುತ್ತದೆ. ಹಾಗಾಗಿ ಇನ್ನೊಂದು ಪ್ರಶ್ನೆಯನ್ನೂ ಕೇಳಿದೆ: ಮೊಣಕಾಲು ನೋವಿಗೆ, ಸೊಂಟ ನೋವಿಗೆ ಅಂತ ಯಾರಾದರೂ ಪೊಟ್ಟಣದ ಪುಡಿ, ಹೆಸರಿಲ್ಲದ ಗುಳಿಗೆ ಕೊಟ್ಟಿದ್ದಾರಾ? ಮಗ್ಗದ ಮುಂದೆ ದಿನವಿಡೀ ನಿಲ್ಲುವವರಿಗೆ ಇಂಥದ್ದು ತಪ್ಪಿದ್ದಲ್ಲ, ಅದರಲ್ಲಿ ಸ್ಟೀರಾಯ್ಡ್ ಇರುವ ಸಾಧ್ಯತೆಯೂ ಇದೆ. ಇವರು ತೆಗೆದುಕೊಂಡಿರಲಿಲ್ಲ.

ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಸರಿಯಿತ್ತು, ಪ್ಲೇಟ್‌ಲೆಟ್ 2.1 ಲಕ್ಷ. ಪಕ್ಕೆಲುಬಿನ ಸಂದಿಯಲ್ಲಿ ಚರ್ಮಕ್ಕೆ, ಲಿವರ್‌ನ ಹೊದಿಕೆಗೆ ಲಿಗ್ನೋಕೇನ್ ಕೊಟ್ಟು ಮರಗಟ್ಟಿಸಿದೆ. ಹೊರಗೆ 17 ಗೇಜಿನ ಸೂಜಿ, ಅದರೊಳಗೆ 18 ಗೇಜಿನ ಬಯಾಪ್ಸಿ ಸೂಜಿ. ಹೊರಸೂಜಿ ಒಮ್ಮೆ ನಿಂತರೆ ಲಿವರ್‌ನ ಹೊದಿಕೆಯನ್ನು ಮತ್ತೆ ಮತ್ತೆ ಚುಚ್ಚಬೇಕಿಲ್ಲ. ನೇರ ಗಡ್ಡೆಗೆ ಇಳಿಸದೆ, ಮೊದಲು ಒಂದೆರಡು ಸೆಂಟಿಮೀಟರ್ ಒಳ್ಳೆಯ ಲಿವರ್ ದಾಟಿಸಿದೆ. ರಕ್ತ ಒಸರಿದರೆ ಆ ಒಳ್ಳೆಯ ಲಿವರ್ ಒತ್ತಿ ನಿಲ್ಲಿಸುತ್ತದೆ. ಉಸಿರು ಹಿಡಿಯಲು ಹೇಳಿ, ಗುಂಡಿ ಒತ್ತಿದಾಗಲೆಲ್ಲ ಒಂದು ಟಕ್ ಸದ್ದು. ನಾಲ್ಕು ತುಣುಕು ತೆಗೆದೆ. ಬೂದು-ಬಿಳಿ ಬಣ್ಣ, ಒಡೆಯದೆ ಉದ್ದಕ್ಕೆ ಬಂದಿದ್ದವು. ಮೂರು 10 ಪರ್ಸೆಂಟ್ ಫಾರ್ಮಲಿನ್‌ಗೆ. ಒಂದು ಸಲೈನ್‌ಗೆ, ಕ್ಷಯದ ಪರೀಕ್ಷೆಗೆಂದು. ನಮ್ಮಲ್ಲಿ ಸಂಜೆ ಜ್ವರ, ತೂಕ ಇಳಿಕೆ ಅಂದಾಗ ಕ್ಷಯ ಬಿಡುವಂತಿಲ್ಲ. ಫಾರ್ಮಲಿನ್‌ಗೆ ಹಾಕಿದ ತುಣುಕಿನಲ್ಲಿ ಕಲ್ಚರ್ ಬೆಳೆಯುವುದಿಲ್ಲ. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿ ಆಮೇಲೆ ಪರದಾಡಿದವರನ್ನು ನೋಡಿದ್ದೇನೆ.

ಸಣ್ಣ ಸೂಜಿಯ ಎಫ್‌ಎನ್‌ಎಸಿ ಸಾಕಲ್ವಾ ಅಂತ ಕೆಲವರು ಕೇಳುತ್ತಾರೆ. ಸಾಲದು. ಅದರಲ್ಲಿ ಬಿಡಿ ಕೋಶಗಳು ಬರುತ್ತವೆ, ಅವು ಹೇಗೆ ಕೂಡಿಕೊಂಡಿದ್ದವು ಗೊತ್ತಾಗುವುದಿಲ್ಲ. ಲಿಂಫೋಮಾದ ಬಗೆ ಗುರುತಿಸಲು, ಒಂದರ ಮೇಲೊಂದು ಬಣ್ಣದ ಪರೀಕ್ಷೆ ಮಾಡಲು ಅಂಗಾಂಶವೇ ಬೇಕು.

ಪೆಥಾಲಜಿ ವರದಿಗೆ ಒಂದು ವಾರದ ಮೇಲಾಯಿತು. ದೊಡ್ಡ ದೊಡ್ಡ ಕೋಶಗಳು ಹಾಳೆಯಂತೆ ಹಬ್ಬಿವೆ. ಸೈಟೋಕೆರಾಟಿನ್ ಎಂಬ ಪ್ರೋಟೀನ್ ಇಲ್ಲ, ಅಂದರೆ ಕರುಳು, ಶ್ವಾಸಕೋಶದಂಥ ಅಂಗದಿಂದ ಹರಡಿದ ಸಾಮಾನ್ಯ ಕ್ಯಾನ್ಸರ್ ಅಲ್ಲ. ಕೋಶದ ಮೇಲಿನ ಗುರುತುಗಳಲ್ಲಿ ಸಿಡಿ 45 (ಬಿಳಿ ರಕ್ತಕಣದ್ದು) ಇದೆ, ಸಿಡಿ 20 (ಬಿ-ಕೋಶದ್ದು) ಗಾಢವಾಗಿದೆ, ಸಿಡಿ 3 (ಟಿ-ಕೋಶದ್ದು) ಇಲ್ಲ. ಒಳಬಗೆ ತಿಳಿಸುವ ಗುರುತುಗಳಲ್ಲಿ ಸಿಡಿ 10 ಇಲ್ಲ, ಬಿಸಿಎಲ್ 6 ಮತ್ತು ಮಮ್ 1 ಇವೆ. ಎಷ್ಟು ಕೋಶಗಳು ಬೆಳೆಯುತ್ತಿವೆ ಎಂದು ತೋರಿಸುವ ಕೆಐ-67 ಸುಮಾರು 80 ಪರ್ಸೆಂಟ್. ಕ್ಷಯದ ಪರೀಕ್ಷೆ ನೆಗೆಟಿವ್. ಹೆಸರು: ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಲಿಂಫೋಮಾ. ಲಿವರ್‌ನಲ್ಲಿ ಹುಟ್ಟುವ ಲಿಂಫೋಮಾಗಳಲ್ಲಿ ಜಾಸ್ತಿ ಕಾಣುವುದು ಇದೇ ಬಗೆ.

ಬೇರೆ ಎಲ್ಲಾದರೂ ಇದೆಯೇ

ಪೆಟ್-ಸಿಟಿಗೆ ಬೇರೆ ನಗರಕ್ಕೆ ಹೋಗಬೇಕಾಯಿತು. ಈ ಸ್ಕ್ಯಾನ್‌ಗೆ ಚುಚ್ಚುವ, ಗಡ್ಡೆ ಹೀರಿಕೊಳ್ಳುವ ಸಕ್ಕರೆಗೆ ಅಂಟಿಸಿದ ಫ್ಲೋರಿನ್-18ರ ವಿಕಿರಣ 110 ನಿಮಿಷಕ್ಕೊಮ್ಮೆ ಅರ್ಧವಾಗುತ್ತದೆ. ಹಾಗಾಗಿ ಔಷಧಿ ಬಂದ ಹೊತ್ತಿಗೆ ರೋಗಿ ಅಲ್ಲಿ ತಯಾರಿರಬೇಕು, ಸುಮಾರು ಆರು ತಾಸು ಹಸಿದಿರಬೇಕು. ಬೆಳಗಿನ ಚಹಾ-ಬಿಸ್ಕತ್ತೂ ಬೇಡ ಎಂದು ಎರಡು ಸಲ ಹೇಳಿ ಕಳಿಸಿದೆವು.

ಲಿವರ್‌ನ ಮೂರೂ ಗಡ್ಡೆ ಜೋರಾಗಿ ಉರಿದು ಕಂಡವು, ದೊಡ್ಡದರ ಎಸ್‌ಯುವಿ (ಸಕ್ಕರೆ ಹೀರುವಿಕೆಯ ಅಳತೆ) 24. ಕುತ್ತಿಗೆ, ಎದೆ, ಕಂಕುಳು, ಗುಲ್ಮ, ಮೂಳೆ ಎಲ್ಲೂ ಏನಿಲ್ಲ. ರಕ್ತದ ಸ್ಮಿಯರ್‌ನಲ್ಲೂ ಕೆಟ್ಟ ಕೋಶವಿಲ್ಲ. ಹಾಗಾಗಿ ಇದು ಲಿವರ್‌ನಲ್ಲೇ ಹುಟ್ಟಿದ ಲಿಂಫೋಮಾ.

ಎಚ್‌ಐವಿ, ಹೆಪಟೈಟಿಸ್ ಸಿ ನೆಗೆಟಿವ್. ಹೆಪಟೈಟಿಸ್ ಬಿಯ ಮೇಲ್ಮೈ ಆ್ಯಂಟಿಜೆನ್ ನೆಗೆಟಿವ್, ಆದರೆ ಕೋರ್ ಆ್ಯಂಟಿಬಾಡಿ ಪಾಸಿಟಿವ್. ಅಂದರೆ ಯಾವಾಗಲೋ ಸೋಂಕು ಬಂದು ಹೋಗಿದೆ, ವೈರಸ್ ಲಿವರ್‌ನಲ್ಲಿ ಮಲಗಿದೆ. ಈ ಲಿಂಫೋಮಾದ ಔಷಧಿಯಾದ ರಿಟುಕ್ಸಿಮ್ಯಾಬ್ ಕೊಟ್ಟಾಗ ಆ ವೈರಸ್ ಎದ್ದರೆ ಲಿವರ್ ಫೇಲ್ ಆಗುವಷ್ಟು ಅಪಾಯ. ಮೇಲ್ಮೈ ಆ್ಯಂಟಿಜೆನ್ ಒಂದನ್ನೇ ನೋಡಿ ಮುಂದುವರಿದಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ. ಆ ವೈರಸ್ ತಡೆಯುವ ಗುಳಿಗೆ ಎಂಟೆಕಾವಿರ್ 0.5 ಮಿಲಿಗ್ರಾಂ, ದಿನಕ್ಕೊಂದು, ಖಾಲಿ ಹೊಟ್ಟೆಗೆ, ಕೀಮೋಗೆ ಮುಂಚೆಯೇ ಶುರುವಾಯಿತು.

ಚಿಕಿತ್ಸೆ ಆರ್-ಚಾಪ್ (ರಿಟುಕ್ಸಿಮ್ಯಾಬ್ ಜೊತೆ ಇನ್ನೂ ನಾಲ್ಕು ಔಷಧಿಗಳು), 21 ದಿನಕ್ಕೊಮ್ಮೆ, ಆರು ಸುತ್ತು. ಅದು ಕ್ಯಾನ್ಸರ್ ತಜ್ಞರ ಕ್ಷೇತ್ರ, ಹೆಚ್ಚು ಹೇಳುವುದಿಲ್ಲ. ಕಾಮಾಲೆ ಅಳೆಯುವ ಬಿಲಿರುಬಿನ್ 1.1 ಇದ್ದದ್ದರಿಂದ ಪೂರ್ತಿ ಡೋಸ್ ಕೊಡಲು ಆಯಿತು. ಕಾಮಾಲೆ ಏರಿದ ಮೇಲೆ ಬಂದಿದ್ದರೆ ಅದರಲ್ಲಿನ ಡಾಕ್ಸೊರುಬಿಸಿನ್, ವಿನ್‌ಕ್ರಿಸ್ಟೀನ್ ಎರಡನ್ನೂ ಕಡಿಮೆ ಮಾಡಬೇಕಾಗುತ್ತಿತ್ತು. ಬಯಾಪ್ಸಿಗೆ ಮುಂಚೆ ಬೇಡ ಅಂದಿದ್ದ ಸ್ಟೀರಾಯ್ಡ್ ಈಗ ಪ್ರೆಡ್ನಿಸೊಲೋನ್ ರೂಪದಲ್ಲಿ ಚಿಕಿತ್ಸೆಯದೇ ಒಂದು ಭಾಗ. ಬಿಪಿಎಲ್ ಕಾರ್ಡ್ ಇದ್ದದ್ದರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕೀಮೋ ಆಯಿತು. ಆ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಪೆಟ್-ಸಿಟಿಯ ದುಡ್ಡನ್ನು ಅಣ್ಣತಮ್ಮಂದಿರು ಹೊಂದಿಸಿದರು.

ಮೊದಲ ಸುತ್ತಿಗೇ ಜ್ವರ ನಿಂತಿತು. ಮೂರು ಸುತ್ತಿನ ನಂತರದ ಸಿಟಿಯಲ್ಲಿ 9 ಸೆಂಟಿಮೀಟರ್‌ನದು 3.4ಕ್ಕೆ ಇಳಿದಿತ್ತು, ಸಣ್ಣ ಎರಡು ಕಾಣಲೇ ಇಲ್ಲ. ಚಿಕಿತ್ಸೆ ಮುಗಿದು ಎಂಟು ವಾರದ ಮೇಲೆ ಮತ್ತೆ ಪೆಟ್-ಸಿಟಿ. ಅದರ ಫಲಿತಾಂಶ ಓದಲು ಡೋವಿಲ್ ಎಂಬ 1ರಿಂದ 5ರ ಅಂಕ ಬಳಸುತ್ತಾರೆ. ಗಡ್ಡೆ ಎಷ್ಟು ಸಕ್ಕರೆ ಹೀರುತ್ತಿದೆ ಎಂಬುದನ್ನು ಎದೆಯ ನಡುವಿನ ರಕ್ತ ಮತ್ತು ಲಿವರ್‌ಗೆ ಹೋಲಿಸುವ ಲೆಕ್ಕ ಅದು. ಇಲ್ಲಿ ಕಾಯಿಲೆಯೇ ಲಿವರ್‌ನಲ್ಲಿತ್ತು. ಹಾಗಾಗಿ ಹೋಲಿಕೆಗೆ ಲಿವರ್‌ನ ಎಡಭಾಗದಿಂದ, ಎಂದೂ ಗಡ್ಡೆ ಇರದ ಜಾಗವನ್ನು ಆರಿಸಿಕೊಳ್ಳಬೇಕಾಯಿತು. ಬಂದ ಅಂಕ 2. ಅಂದರೆ ಜೀವಂತ ಕಾಯಿಲೆಯ ಗುರುತಿಲ್ಲ.

ಆದರೆ ಸಿಟಿಯಲ್ಲಿ ಇನ್ನೂ 1.8 ಸೆಂಟಿಮೀಟರ್‌ನ ಮಂಕು ಕಲೆ ಉಳಿದಿದೆ. ಅದು ಗಾಯದ ಗುರುತು, ಸಕ್ಕರೆ ಹೀರುತ್ತಿಲ್ಲ. ಮುಂದೆ ಯಾವುದೋ ಊರಲ್ಲಿ, ಯಾವುದೋ ಕಾರಣಕ್ಕೆ ಅಲ್ಟ್ರಾಸೌಂಡ್ ಮಾಡಿದವರು ಇದನ್ನು ಕಂಡು ‘ಲಿವರ್‌ನಲ್ಲಿ ಗಡ್ಡೆ’ ಎಂದು ಬರೆಯುವುದು ಖಂಡಿತ. ಮನೆಯವರು ಮತ್ತೆ ಅದೇ ಭಯಕ್ಕೆ ಬೀಳುತ್ತಾರೆ. ಅದಕ್ಕೆ ಡಿಸ್ಚಾರ್ಜ್ ಹಾಳೆಯ ಮೊದಲ ಪುಟದಲ್ಲೇ ಕಲೆಯ ಅಳತೆ, ಅದು ಇರುವ ಜಾಗ, ಪೆಟ್ ಅಂಕ ಮೂರನ್ನೂ ಬರೆಸಿದ್ದೇವೆ. ಹಳೆಯ ಸಿಡಿಗಳನ್ನು ಮಗ ಒಂದೇ ಚೀಲದಲ್ಲಿ ಇಟ್ಟುಕೊಂಡಿದ್ದಾನೆ, ಎಲ್ಲಿಗೆ ಹೋದರೂ ಅದನ್ನು ಒಯ್ಯಲು ಹೇಳಿದ್ದೇವೆ. ಎಂಟೆಕಾವಿರ್ ಅನ್ನು ಕೊನೆಯ ರಿಟುಕ್ಸಿಮ್ಯಾಬ್ ಆದ ಮೇಲೂ ಕನಿಷ್ಠ 12ರಿಂದ 18 ತಿಂಗಳು ನಿಲ್ಲಿಸುವಂತಿಲ್ಲ. ಅದನ್ನು ಅದೇ ಪುಟದಲ್ಲಿ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಿದ್ದೇವೆ.